ಗುಂಡ್ಲುಪೇಟೆಯ ಸೊನ್ನೆ

ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಡಿ.ಟಿ.ಪಿ. ಅಂಗಡಿಗಳ, ಮುದ್ರಣಾಲಯಗಳ ಬಂಧುಗಳೇ,

ನಿಮ್ಮ ಊರಿನ ಹೆಸರಿನಿಂದಲೇ ಶುರು ಮಾಡುತ್ತೇನೆ. ಗುಂಡ್ಲುಪೇಟೆ. ಗು೦ಡ್ಲುಪೇಟೆ. ಇವೆರಡರ ನಡುವೆ ಏನು ವ್ಯತ್ಯಾಸ ಎಂದು ಕೇಳಿದರೆ, ವರ್ಷಗಟ್ಟಲೆ ಪ್ರೂಫ್ ನೋಡಿ ಕಣ್ಣು ಪಳಗಿದವರೂ ತುಸು ತಡವರಿಸುತ್ತಾರೆ. ಮೊದಲನೆಯದರಲ್ಲಿ 'ಗು' ಪಕ್ಕ ಕೂತಿರುವುದು ಅನುಸ್ವಾರ. ಎರಡನೆಯದರಲ್ಲಿ ಅದೇ ಜಾಗಕ್ಕೆ ಬಂದು ಕೂತಿರುವುದು ಕನ್ನಡ ಅಂಕಿಯ ಸೊನ್ನೆ. ಒಂದನೇ ತರಗತಿಯಲ್ಲಿ ನಮಗೆಲ್ಲ ಅನುಸ್ವಾರವನ್ನು 'ಸೊನ್ನೆ' ಎಂದೇ ಹೇಳಿಕೊಟ್ಟಿರುವಾಗ, ಟೈಪು ಮಾಡುವ ಬೆರಳು ಸೊನ್ನೆಯ ಕೀಲಿಯನ್ನೇ ಹುಡುಕಿಕೊಂಡು ಹೋದರೆ ಅದರ ತಪ್ಪೇನೂ ಇಲ್ಲ. ಕಾಗದದ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಇವೆರಡಕ್ಕೂ ಯಾವ ನಂಟೂ ಇಲ್ಲ. ಒಂದು ಅಕ್ಷರ, ಇನ್ನೊಂದು ಅಂಕಿ. ಕಡತದಲ್ಲಿ ಊರಿನ ಹೆಸರು ಎರಡನೆಯ ರೀತಿಯಲ್ಲಿದ್ದು ಹುಡುಕುವವರು ಮೊದಲನೆಯ ರೀತಿಯಲ್ಲಿ ಬರೆದರೆ, ಹೆಸರು ಕಣ್ಣೆದುರಿಗೇ ಇದ್ದರೂ ಯಂತ್ರ 'ಸಿಗಲಿಲ್ಲ' ಎನ್ನುತ್ತದೆ. ಅಕಾರಾದಿಯಾಗಿ ಜೋಡಿಸಿದರೆ ಹಂಗಳ, ಬಂಡೀಪುರ, ಹುಂಡೀಪುರಗಳೂ ತಮ್ಮ ಜಾಗ ತಪ್ಪುತ್ತವೆ. ಈ ಸೀಮೆಯ ಎಷ್ಟು ಊರುಗಳ ಹೊಟ್ಟೆಯಲ್ಲಿ ಸೊನ್ನೆ ಇದೆ ಎಂದು ಒಮ್ಮೆ ಎಣಿಸಿ ನೋಡಿ.

ಈ ಪತ್ರದಲ್ಲಿ ನಾನು ವಾದಿಸಬೇಕೆಂದಿರುವುದು ಒಂದೇ ಸಂಗತಿ. ನಿಮ್ಮ ಕಸುಬಿಗೆ ಒಂದು ಹಳೆಯ ಅಳತೆಗೋಲಿದೆ: ಕಣ್ಣಿಗೆ ಸರಿ ಕಂಡರೆ ಸರಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಆ ಅಳತೆಗೋಲು ನೂರಕ್ಕೆ ನೂರು ಸರಿಯಿತ್ತು, ಏಕೆಂದರೆ ಅಚ್ಚಾದ ಹಾಳೆಯೇ ಕೊನೆ. ಅದನ್ನು ಓದುವುದು ಮನುಷ್ಯನ ಕಣ್ಣು ಮಾತ್ರ. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಿಬಿಡುತ್ತಿದ್ದರು. ಈಗ ಹಾಳೆಯ ಜೊತೆಗೆ ಕಡತವೂ ಉಳಿಯುತ್ತದೆ. ಆ ಕಡತವನ್ನು ಮನುಷ್ಯರಿಗಿಂತ ಮೊದಲು ಯಂತ್ರ ಓದುತ್ತದೆ: ಹುಡುಕುವಾಗ, ಫೋನಿಗೆ ಕಳಿಸುವಾಗ, ಪಟ್ಟಿ ಜೋಡಿಸುವಾಗ, ಕಣ್ಣು ಕಾಣದವರಿಗೆ ದನಿಯಲ್ಲಿ ಓದಿ ಹೇಳುವಾಗ. ಹಾಗಾಗಿ ಕಣ್ಣಿಗೆ ಸರಿ ಕಂಡರೆ ಸಾಲದು, ಒಳಗೂ ಸರಿ ಇರಬೇಕು. ಹಳೆಯ ಕಡತಗಳನ್ನು ಒಳಗಿನಿಂದ ಶುಚಿ ಮಾಡುವ ಸಣ್ಣ ತಂತ್ರಾಂಶಗಳು ಇವತ್ತು ದುಡ್ಡಿಲ್ಲದೆ ಸಿಗುತ್ತವೆ. ಅವನ್ನು ಬಳಸಿ ಎಂದು ಕೇಳಲು ಈ ಪತ್ರ. ಅವನ್ನು ಕಣ್ಣು ಮುಚ್ಚಿಕೊಂಡು ಬಳಸಬೇಡಿ ಎಂದು ಕೇಳಲೂ ಇದೇ ಪತ್ರ.

ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ ಎಂದರೆ, ಕಡತಗಳಿರುವುದು ನಿಮ್ಮ ಹತ್ತಿರ. ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶ ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳನ್ನು ಸೇರಿಕೊಂಡದ್ದು ಅದರ ಬೆನ್ನಲ್ಲೇ. ಅಂದರೆ ನಿಮ್ಮ ಜಿಲ್ಲೆಗೂ ಕಂಪ್ಯೂಟರ್ ಕನ್ನಡಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಈ ಅವಧಿಯಲ್ಲಿ ಊರು ತನ್ನ ಬಗ್ಗೆ ಬರೆದುಕೊಂಡದ್ದೆಲ್ಲ ಒಂದಲ್ಲ ಒಂದು ಡಿ.ಟಿ.ಪಿ. ಅಂಗಡಿಯ ಮೂಲಕವೇ ಹಾದುಹೋಗಿರಬೇಕು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಹಾಲಿನ ಸೊಸೈಟಿಯ ವಾರ್ಷಿಕ ವರದಿ, ಕೆರೆಗೆ ನೀರು ತುಂಬಿಸಿ ಎಂಬ ಮನವಿ, ಬಂಡೀಪುರದ ರಾತ್ರಿ ಸಂಚಾರದ ಪರವಾಗಿಯೋ ವಿರೋಧವಾಗಿಯೋ ಅಚ್ಚಾದ ಕರೆಯೋಲೆ, ನಾಟಕದ ಹಸ್ತಪ್ರತಿ. ಹಾಳೆಗಳು ಗೋಡೆಯಲ್ಲಿ ಹರಿದುಹೋದವು, ರದ್ದಿಗೆ ಬಿದ್ದವು. ಕಡತಗಳು ನಿಮ್ಮ ಹಳೆಯ ಹಾರ್ಡ್‌ಡಿಸ್ಕಿನಲ್ಲಿ, ಗೀರು ಬಿದ್ದ ಸಿ.ಡಿ.ಯಲ್ಲಿ ಇನ್ನೂ ಇರಬಹುದು. ಗ್ರಂಥಾಲಯಗಳು ಕೂಡಿಡುವುದು ಪುಸ್ತಕವನ್ನು. ಕರಪತ್ರವನ್ನು ಕೂಡಿಡುವ ಅಭ್ಯಾಸ ನಮ್ಮಲ್ಲಿ ತೀರ ಕಡಿಮೆ. ಯಾರೂ ಹೇಳದೆ, ಯಾರೂ ಸಂಬಳ ಕೊಡದೆ ನೀವು ಈ ಊರಿನ ದಫ್ತರಖಾನೆ ನಡೆಸಿದ್ದೀರಿ.

ಆದರೆ ಆ ದಫ್ತರದ ಬಹುಪಾಲು ಯಂತ್ರದ ಮಟ್ಟಿಗೆ ಕನ್ನಡದಲ್ಲೇ ಇಲ್ಲ. ಇದು ಬೈಗುಳವಲ್ಲ, ಅಂದಿನ ತಂತ್ರ ಇದ್ದದ್ದೇ ಹಾಗೆ. ಆಗ ಒಂದು ಫಾಂಟಿನಲ್ಲಿ ಇದ್ದದ್ದು 256 ಕೋಣೆಗಳು, ಅವುಗಳಲ್ಲಿ ಅರ್ಧ ಇಂಗ್ಲಿಷಿನವು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಅಷ್ಟರಲ್ಲೇ ಹಿಡಿಸಬೇಕಾದಾಗ, ಅಕ್ಷರಗಳನ್ನು ತುಂಡು ತುಂಡು ಮಾಡಿ, ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಕೋಣೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದರು. ಜಾಣ ಕೆಲಸವೇ. ಅದಿಲ್ಲದಿದ್ದರೆ ತಾಲ್ಲೂಕು ಮಟ್ಟದಲ್ಲಿ ಕನ್ನಡ ಕಂಪೋಸಿಂಗ್ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಫಾಂಟನ್ನು ತೆಗೆದುಬಿಟ್ಟರೆ ಕೆಳಗಿರುವುದು ಬಯಲಾಗುತ್ತದೆ. ನುಡಿಯಲ್ಲಿ 'ಕನ್ನಡ' ಎಂದು ಬರೆದು ಫಾಂಟು ಕಿತ್ತರೆ ಕಾಣುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಕೊನೆಗೆ ಇನ್ನೊಂದು ಎ. 'ಗುಂಡ್ಲುಪೇಟೆ'ಯಲ್ಲಿ ಇಂಥವು ಹದಿಮೂರು. ಪೇಟೆಯ 'ಪ' ಇರುವ ಜಾಗದಲ್ಲಿ ಜಪಾನಿನ ಯೆನ್ ಗುರುತು ಕೂತಿದೆ. ಕನ್ನಡದೊಳಗೆ ಪೌಂಡು, ಗುಂಡ್ಲುಪೇಟೆಯೊಳಗೆ ಯೆನ್. ಮಾರುಕಟ್ಟೆಯ ಊರಿಗೆ ಒಪ್ಪುತ್ತದೆ ಎಂದು ನಗಬಹುದು, ಆದರೆ ಹುಡುಕುವ ಯಂತ್ರಕ್ಕೆ ಈ ತಮಾಷೆ ತಿಳಿಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ತೊಡಕೂ ನಿಮ್ಮ ಊರಿನ ಹೆಸರಿನಲ್ಲೇ ಇದೆ. 'ಡ್ಲು' ಎಂಬುದನ್ನು ನೋಡಿ. ಉಚ್ಚಾರದಲ್ಲಿ ಮೊದಲು ಡ್, ಆಮೇಲೆ ಲ್, ಕೊನೆಗೆ ಉ. ಕೀಲಿಮಣೆಯ ಮೇಲೆ ನೀವು ಒತ್ತುವುದೂ ಇದೇ ಕ್ರಮದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದ ಹೆಚ್ಚುಗಾರಿಕೆಯೇ ಅದು, ಬಾಯಿ ಹೇಳಿದಂತೆ ಬೆರಳು ನಡೆಯುತ್ತದೆ. ಆದರೆ ಹಳೆಯ ನುಡಿ ಕಡತದೊಳಗೆ ಉಳಿಯುವುದು ಚಿತ್ರದ ಕ್ರಮ: ಮೊದಲು ಡ, ಅದಕ್ಕೆ ಕೊಂಬು, ಅದು ಮುಗಿದ ಮೇಲೆ ಕೆಳಗಿನ ಲ-ಒತ್ತು. ಇಂದಿನ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ತರುವಾಗ ಈ ಒತ್ತನ್ನು ಎತ್ತಿ ಕೊಂಬಿನ ಹಿಂದಕ್ಕೆ ಇಡಬೇಕು. ಅರ್ಕಾವತ್ತಿನದು ಇನ್ನೂ ದೊಡ್ಡ ನೆಗೆತ. 'ಸೂರ್ಯ', 'ಧರ್ಮ', 'ಅರ್ಜಿ' ಇವುಗಳಲ್ಲಿ ನಾವು ಮೊದಲು ನುಡಿಯುವ ರ್ ಚಿತ್ರದಲ್ಲಿ ಕೊನೆಗೆ ಬರುತ್ತದೆ. ಅದನ್ನು ಇಡೀ ಅಕ್ಷರದ ಬೆನ್ನ ಮೇಲಿಂದ ಹಾಯಿಸಿ ಮುಂದಕ್ಕೆ ತರಬೇಕು. ಒಳ್ಳೆಯ ಪರಿವರ್ತಕ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನುಡಿ ಮತ್ತು ಬರಹಗಳ ಜೊತೆಗೇ ಪರಿವರ್ತಕಗಳು ಬರುತ್ತವೆ. 'ಗುಬ್ಬಿ', 'ನವಿಲು' ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕ ಮುಕ್ತ ತಂತ್ರಾಂಶ. ಅದರ ಒಳಗಿನ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟುಗಳಲ್ಲಿ ಕೋಣೆಗಳ ಹಂಚಿಕೆ ಬೇರೆ, ಅದಕ್ಕೆ ಬೇರೆಯದೇ ಪಟ್ಟಿ ಬೇಕು. ಶ್ರೀಲಿಪಿ ಕಡತಕ್ಕೆ ನುಡಿಯ ಪಟ್ಟಿ ಹಾಕಿದರೆ ಬರುವುದು ಯಾವ ಭಾಷೆಯೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಅಡ್ಡಿಯಿಲ್ಲ. ಪರಿವರ್ತನೆಗೆ ಮೂಲ ಡಾಕ್ ಕಡತವನ್ನೇ ಕೊಡಬೇಕು, ಅದರಿಂದ ಬರಿ ಪಠ್ಯವನ್ನು ಕಟ್-ಪೇಸ್ಟ್ ಮಾಡಿ ಕೊಡಬಾರದು. ಕಾರಣ ಸರಳ. ಮೂಲ ಕಡತದಲ್ಲಿ ಯಾವ ಪದ ಯಾವ ಫಾಂಟಿನಲ್ಲಿದೆ ಎಂಬ ಗುರುತು ಉಳಿದಿರುತ್ತದೆ. ಬರಿ ಪಠ್ಯಕ್ಕೆ ಇಳಿಸಿದ ಕ್ಷಣ ಆ ಗುರುತು ಅಳಿಸಿಹೋಗುತ್ತದೆ. ಆಮೇಲೆ ನಡುವೆ ಇಂಗ್ಲಿಷಿನಲ್ಲಿದ್ದ ಕಂಪನಿಯ ಹೆಸರು, ಇ-ಮೇಲ್ ವಿಳಾಸ, ಪ್ಯಾನ್ ಸಂಖ್ಯೆಯ ಅಕ್ಷರಗಳು ಕೂಡ ಪರಿವರ್ತಕದ ಕಣ್ಣಿಗೆ ನುಡಿಯ ತುಂಡುಗಳಂತೆಯೇ ಕಂಡು, ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಲಗ್ನಪತ್ರಿಕೆಯಲ್ಲಿ ವರನ ಡಿಗ್ರಿ ಹೀಗೆ ಕೆಟ್ಟರೆ ಬೀಗರು ನಕ್ಕು ಬಿಡಬಹುದು. ಸೊಸೈಟಿಯ ಲೆಕ್ಕಪತ್ರದಲ್ಲಿ ಕೆಟ್ಟರೆ ನಗುವವರಿಲ್ಲ.

ಕೆಟ್ಟ ಕಡತ ಎಂದಾಕ್ಷಣ ಎಲ್ಲವೂ ಒಂದೇ ಬಗೆಯ ರೋಗವಲ್ಲ, ಮದ್ದೂ ಒಂದೇ ಅಲ್ಲ. ತೆರೆದಾಗ ಪಿ, ಕ್ಯೂ, ಯು ಇತ್ಯಾದಿ ಇಂಗ್ಲಿಷ್ ಅಕ್ಷರಗಳ ನಡುನಡುವೆ ಗೀರಿನ ದೊಡ್ಡ ಎ ಕಂಡರೆ ಅದು ನುಡಿ-ಬರಹದ ಕಾಲದ್ದು, ಪರಿವರ್ತಕ ಸಾಕು. ಗೀರಿರುವ ಸಣ್ಣ ಎ ಬಂದು, ಅದರ ಪಕ್ಕ ಮೇಲೇರಿದ ಚಿಕ್ಕ 2 ಅಥವಾ 3 ಮತ್ತೆ ಮತ್ತೆ ಕಂಡರೆ ರೋಗ ಬೇರೆ. ಅದು ಸರಿಯಾದ ಯೂನಿಕೋಡ್ ಕನ್ನಡವೇ, ತೆರೆದ ತಂತ್ರಾಂಶ ಅದನ್ನು ತಪ್ಪಾಗಿ ಓದುತ್ತಿದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ ಮೂರು ತುಣುಕು; ಮೊದಲ ತುಣುಕು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದಕ್ಕೇ ಆ ಲಯ, ತಾಳ ಹಾಕಿದಂತೆ. ಜಪಾನೀಯರು ಇಂಥ ಕಲಸುಮೇಲೋಗರಕ್ಕೆ ಮೊಜಿಬಾಕೆ ಎಂಬ ಹೆಸರನ್ನೇ ಇಟ್ಟಿದ್ದಾರೆ, ಅಷ್ಟು ಹಳೆಯ ಕಾಟ ಅದು. ಇದನ್ನು ಪೂರ್ತಿ ಗುಣಪಡಿಸಬಹುದು. ಆದರೆ ತೆರೆದಾಗ ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಕಂಡರೆ ಕಥೆ ಮುಗಿದಂತೆ. ಹಳೆಯ ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಕನ್ನಡ ಬರೆದು 'ಆನ್ಸಿ' ಎಂದು ಸೇವ್ ಮಾಡಿದಾಗ ಆಗುತ್ತಿದ್ದುದು ಇದೇ. 2019ರ ವಿಂಡೋಸ್ 10 ಪರಿಷ್ಕರಣೆಯ ನಂತರ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ನಲ್ಲೇ ಉಳಿಸುತ್ತದೆ, ಅದಕ್ಕೂ ಮೊದಲು ಹೋದದ್ದು ಹೋಯಿತು. ಅದನ್ನು ಮರಳಿಸಿ ಕೊಡುತ್ತೇವೆ ಎಂದು ಯಾವ ತಂತ್ರಾಂಶದವರು ಹೇಳಿದರೂ ನಂಬಬೇಡಿ.

ಪರಿವರ್ತನೆಯಾದ ಮೇಲೂ ಕಸ ಉಳಿಯುತ್ತದೆ. ಒಂದಿಷ್ಟು ಟೈಪ್‌ರೈಟರ್ ಕಾಲದಿಂದ ಬಂದ ಅಭ್ಯಾಸದ್ದು: ಶೀರ್ಷಿಕೆ ನಡುವಿಗೆ ಬರಲೆಂದು ಒತ್ತಿದ ಇಪ್ಪತ್ತು ಖಾಲಿ ಜಾಗ, ಪ್ರತಿ ಸಾಲಿನ ಕೊನೆಗೆ ಹೊಡೆದ ಎಂಟರ್, ಪೂರ್ಣವಿರಾಮದ ಹಿಂದೆ ಬಿಟ್ಟ ಜಾಗ. ಇವು ಎಲ್ಲರಿಗೂ ಗೊತ್ತಿರುವ ಕಸ, ಗುಡಿಸುವುದೂ ಸುಲಭ. ಗೊತ್ತಾಗದ ಕಸ ದೀರ್ಘದಲ್ಲಿದೆ. 'ಪೇಟೆ'ಯ 'ಪೇ'ಯನ್ನು ಒಂದೇ ಏತ್ವದ ಗುರುತಿನಿಂದಲೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂಬ ಎರಡು ತುಂಡುಗಳಿಂದಲೂ ಬರೆಯಬಹುದು. 'ಗೋಪಾಲಸ್ವಾಮಿ'ಯ 'ಗೋ'ದಲ್ಲಿ ಮೂರು ತುಂಡುಗಳವರೆಗೂ ಹೋಗಬಹುದು. ನೋಡಲು ಒಂದೇ, ಅಳೆದರೆ ಬೇರೆ. ಯೂನಿಕೋಡಿನ ನಿಯಮದ ಪ್ರಕಾರ ಈ ಎರಡೂ ಸಮಾನ, ಒಂದು ರೂಪಕ್ಕೆ ತರುವ ವಿಧಾನವನ್ನೂ ಅದೇ ನಿಗದಿ ಮಾಡಿದೆ. ಆದರೆ ನೀವು ಬಳಸುವ ಎಲ್ಲ ತಂತ್ರಾಂಶಗಳೂ ಹುಡುಕುವ ಮೊದಲು ಆ ಕೆಲಸ ಮಾಡುತ್ತವೆ ಎಂದುಕೊಳ್ಳಬೇಡಿ. ಶುಚಿ ಮಾಡುವ ತಂತ್ರಾಂಶಕ್ಕೆ ಇದು ಕ್ಷಣದ ಕೆಲಸ, ಇದರಲ್ಲಿ ನಷ್ಟವಾಗುವುದೂ ಏನೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ತೊಳೆಯಿರಿ ಎಂಬ ಮಾತು. ಇನ್ನು ಮುಂದಿನದು ತೊಳೆಯುವಾಗ ಬಣ್ಣ ಹೋಗದಿರಲಿ ಎಂಬುದು. ಪಠ್ಯ ಶುಚಿ ಮಾಡುವ ತಂತ್ರಾಂಶಗಳಲ್ಲಿ ಬಹುಪಾಲು ಹುಟ್ಟಿದ್ದು ಇಂಗ್ಲಿಷಿಗಾಗಿ. ಇಂಗ್ಲಿಷಿನಲ್ಲಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಅಕ್ಷರ ಎಂದರೆ ಕಸ. ವೆಬ್‌ಪುಟದಿಂದ ನಕಲು ಮಾಡುವಾಗ ಅಂಟಿಕೊಂಡು ಬಂದದ್ದು. 'ಅದೃಶ್ಯ ಅಕ್ಷರಗಳನ್ನು ಅಳಿಸು' ಎಂಬ ಗುಂಡಿಯನ್ನು ಅವರು ನಿಶ್ಚಿಂತೆಯಿಂದ ಒತ್ತುತ್ತಾರೆ. ನಾವು ಒತ್ತಿದರೆ? ನಿಮ್ಮ ಜಿಲ್ಲೆಯ ಗಡಿಗೆ ತಾಗಿದ ಗಾಜನೂರಿನಲ್ಲಿ ಹುಟ್ಟಿದ ರಾಜ್‌ಕುಮಾರ್ ಅವರ ಹೆಸರನ್ನೇ ತೆಗೆದುಕೊಳ್ಳಿ. 'ಜ್' ಮತ್ತು 'ಕು' ನಡುವೆ ಅಂಥ ಒಂದು ಕಾಣದ ಅಕ್ಷರವಿದೆ. ಇವೆರಡನ್ನೂ ಬೆಸೆಯಬೇಡ ಎಂದು ಹೇಳುವುದೇ ಅದರ ಕೆಲಸ. ಅಳಿಸಿದರೆ ಅಣ್ಣಾವ್ರು 'ರಾಜ್ಕುಮಾರ್' ಆಗುತ್ತಾರೆ. ಸಾಫ್ಟ್‌ವೇರ್ ಎಂಬ ಪದವೇ ಸಾಫ್ಟ್ವೇರ್ ಎಂದು ಗಂಟು ಬೀಳುತ್ತದೆ. 'ರ‍್ಯಾಂಕ್' ಎಂಬಲ್ಲಿ ಇನ್ನೊಂದು ಬಗೆಯ ಕಾಣದ ಅಕ್ಷರ ಇಲ್ಲದಿದ್ದರೆ ರ ಹೋಗಿ ಅರ್ಕಾವತ್ತಾಗುತ್ತದೆ. ಇಂಗ್ಲಿಷಿನಲ್ಲಿ ಕಸವಾದದ್ದು ಕನ್ನಡದಲ್ಲಿ ಕಾಗುಣಿತ. ಹೆದ್ದಾರಿಯಲ್ಲಿ ಕಾಡು ದಾಟಿ ವಯನಾಡಿನ ಕಡೆ ಹೋದರೆ ಮಲಯಾಳಿಗಳದ್ದೂ ಇದೇ ಕಥೆ, ಇನ್ನೂ ಗಂಭೀರವಾಗಿ: ಸ್ವರವಿಲ್ಲದೆ ನಿಲ್ಲುವ ಅವರ ಚಿಲ್ಲಕ್ಷರಗಳು 2008ರ ಯೂನಿಕೋಡ್ 5.1ರವರೆಗೆ ಇಂಥ ಕಾಣದ ಅಕ್ಷರದ ಆಸರೆಯಲ್ಲೇ ನಿಂತಿದ್ದವು. ಹಳೆಯ ಕಡತಗಳಿಗಾಗಿ ಅವರು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ 'ಪಯ್ಯನ್ಸ್'ನಂಥ ತಮ್ಮದೇ ಪರಿವರ್ತಕಗಳನ್ನು ಕಟ್ಟಿಕೊಂಡರು. ಮಲಯಾಳಂ ಫ್ಲೆಕ್ಸ್‌ಗಳನ್ನೂ ಮಾಡಿಕೊಡುವ ನಿಮ್ಮಲ್ಲಿ ಕೆಲವರಿಗಾದರೂ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಸೊನ್ನೆಯನ್ನು ಅನುಸ್ವಾರ ಮಾಡುವುದೂ ಅಂದುಕೊಂಡಷ್ಟು ಸಲೀಸಲ್ಲ. ಕಡತದಲ್ಲಿರುವ ಎಲ್ಲ ಕನ್ನಡ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿದರೆ ೨೦೧೦ನೇ ಇಸವಿಯ ಗತಿ ಏನು? ಹಿಂದೆ ಅಕ್ಷರವಿದ್ದರೆ ಮಾತ್ರ ಬದಲಿಸು, ಅಂಕಿ ಇದ್ದರೆ ಬಿಡು ಎಂದು ನಿಯಮ ಮಾಡಬಹುದು. ಚಾಮರಾಜನಗರದ ವಾಹನಗಳ ನೋಂದಣಿಗೆ ಅದು ಸಾಕು: ಕೆಎ೧೦ ಎಂಬಲ್ಲಿ ಸೊನ್ನೆಯ ಹಿಂದೆ ಒಂದು ಇದೆ, ಹಾಗೇ ಉಳಿಯುತ್ತದೆ. ಆದರೆ ಮೈಸೂರಿನ ಗಾಡಿ ಬಂದರೆ ನಿಯಮ ಮುಗ್ಗರಿಸುತ್ತದೆ. ಕೆಎ೦೯ ಎಂಬಲ್ಲಿ ಸೊನ್ನೆಯ ಹಿಂದಿರುವುದು 'ಎ' ಎಂಬ ಅಕ್ಷರ. ಅದು 'ಕೆಎಂ೯' ಆಗಿಬಿಡುತ್ತದೆ, ದೂರ ತೋರಿಸುವ ಕಲ್ಲಿನ ಹಾಗೆ. ಆದ್ದರಿಂದ ಹಿಂದೆಯೂ ನೋಡಬೇಕು, ಮುಂದೆಯೂ ನೋಡಬೇಕು: ಹಿಂದೆ ಅಕ್ಷರವಿದ್ದು ಮುಂದೆ ಅಂಕಿ ಇಲ್ಲದಿದ್ದರೆ ಮಾತ್ರ ಮುಟ್ಟಬೇಕು. ಇಷ್ಟಾದ ಮೇಲೂ ಅನುಮಾನ ಬರುವ ಜಾಗಗಳು ಉಳಿಯುತ್ತವೆ. ಅಲ್ಲಿ ತಂತ್ರಾಂಶ ತಾನೇ ತೀರ್ಮಾನಿಸದೆ ನಿಮ್ಮನ್ನು ಕೇಳಬೇಕು. ಕೇಳುವ ತಂತ್ರಾಂಶ ಒಳ್ಳೆಯದು; ಏನು ಬದಲಿಸಿದೆ ಎಂದು ಹೇಳದೆ 'ಆಯಿತು' ಎನ್ನುವುದನ್ನು ದೂರವಿಡಿ.

ಇದಕ್ಕೆ ಸೇರಿದ್ದೇ ಇನ್ನೊಂದು ಆತಂಕ. ಸಾಹಿತ್ಯ, ಜಾನಪದ ಬಲ್ಲವರು ಎತ್ತುವ ಈ ಆಕ್ಷೇಪಕ್ಕೆ ತೂಕವಿದೆ. ಶುಚಿ ಎಂಬ ನೆಪದಲ್ಲಿ ಯಂತ್ರ ನಮ್ಮ ಮಾತನ್ನೂ ತಿದ್ದಿಬಿಟ್ಟರೆ? ಈ ಜಿಲ್ಲೆ ಮಲೆ ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಕಾವ್ಯಗಳ ನೆಲ. ನೀಲಗಾರರೂ ಕಂಸಾಳೆಯವರೂ ಹಾಡಿದ್ದನ್ನು ಬರೆದುಕೊಂಡ ಕಡತದಲ್ಲಿ 'ಹೋಗವ್ನೆ', 'ಮಾಡ್ಕಂಡು', 'ಅಂದ್ರಂತೆ' ಎಂಬ ರೂಪಗಳೇ ಜೀವ. ಕಾಗುಣಿತ ತಿದ್ದುವ ತಂತ್ರಾಂಶವನ್ನು ಇವುಗಳ ಮೇಲೆ ಓಡಿಸಿದರೆ 'ಹೋಗಿದ್ದಾನೆ', 'ಮಾಡಿಕೊಂಡು' ಎಂದು ಪಠ್ಯಪುಸ್ತಕದ ಅಂಗಿ ತೊಡಿಸಿ ಕೂರಿಸುತ್ತದೆ. ಈ ಭಯಕ್ಕೆ ನನ್ನ ಉತ್ತರ, ಎರಡು ಕೆಲಸಗಳನ್ನು ಬೇರೆ ಬೇರೆ ಇಡಬೇಕು ಎಂಬುದು. ಓದಿದರೆ ಕಿವಿಗೆ ವ್ಯತ್ಯಾಸ ಕೇಳಿಸದ ದೋಷವನ್ನು ಯಂತ್ರ ತಿದ್ದಲಿ: ಸೊನ್ನೆ-ಅನುಸ್ವಾರ, ತುಂಡಾದ ದೀರ್ಘ, ಹೆಚ್ಚುವರಿ ಖಾಲಿ ಜಾಗ. ಕಿವಿಗೆ ಕೇಳಿಸುವ ವ್ಯತ್ಯಾಸ ಒಂದೇ ಒಂದು ಮಾತ್ರೆಯದ್ದಾದರೂ ಯಂತ್ರ ಕೈ ಹಾಕಬಾರದು. ಅಲ್ಲಿ ತಪ್ಪಿದ್ದರೆ ಅದು ಹಾಡಿದವರ, ಬರೆದವರ, ಸಂಪಾದಕರ ಪಾಲಿನ ವಿಚಾರ. ನಮ್ಮ ಶಾಸನ ಸಂಪಾದಕರು ಈ ಶಿಸ್ತನ್ನು ಹಿಂದೆಯೇ ಕಲಿಸಿದ್ದಾರೆ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳಿವೆ. ಶಾಸನ ಪ್ರಕಟಣೆಯಲ್ಲಿ ಕಲ್ಲು ಸವೆದು ಅಕ್ಷರ ಹೋದ ಕಡೆ ಚುಕ್ಕಿ ಇಡುತ್ತಾರೆ, ಊಹಿಸಿ ತುಂಬಿದ್ದರೆ ಆವರಣದಲ್ಲಿ ಹಾಕಿ ತೋರಿಸುತ್ತಾರೆ. ತಮ್ಮ ಊಹೆಯನ್ನು ಕಲ್ಲಿನ ಬಾಯಲ್ಲಿ ಹೇಳಿಸುವುದಿಲ್ಲ. ಕಡತ ಶುಚಿ ಮಾಡುವವರೂ ಮೂಲವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಇನ್ನೊಂದು ಪ್ರತಿ ಮಾಡಿದರೆ ಅಷ್ಟೇ ಪ್ರಾಮಾಣಿಕರಾಗುತ್ತಾರೆ.

'ನಮ್ಮ ಕೆಲಸ ಅಚ್ಚಿನದು, ಪೇಜ್‌ಮೇಕರಿನಲ್ಲಿ ನುಡಿಯೇ ಚೆನ್ನಾಗಿ ಕೂರುತ್ತದೆ, ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ' ಎನ್ನುವಿರಿ. ನಿಜ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಸತ್ತ ತಂತ್ರಾಂಶವನ್ನು ಇಷ್ಟು ವರ್ಷ ಅನ್ನ ದುಡಿಯುವಂತೆ ಇಟ್ಟುಕೊಂಡಿದ್ದೀರಿ, ಅದು ನಿಮ್ಮ ಚಾಣಾಕ್ಷತನ. ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಪುಟ ಕಟ್ಟಲು ನುಡಿ ಇರಲಿ, ಕಾಪಿಡಲು ಯೂನಿಕೋಡ್ ಪ್ರತಿ ಇರಲಿ. ಬೇಕೆಂದಾಗ ಯೂನಿಕೋಡಿನಿಂದ ಹಿಂದಕ್ಕೆ ನುಡಿಗೆ ತರುವ ಪರಿವರ್ತಕವೂ ಉಂಟು. ಮ್ಯಾಟರ್ ವಾಟ್ಸ್ಆ್ಯಪಿನಲ್ಲಿ ಬರುವುದು ಯೂನಿಕೋಡಿನಲ್ಲೇ ಆದ್ದರಿಂದ ನಿಮ್ಮಲ್ಲಿ ಬಹಳ ಜನ ಈ ದಾರಿಯಲ್ಲಿ ಒಂದು ದಿಕ್ಕಿಗೆ ದಿನವೂ ಓಡಾಡುತ್ತಿದ್ದೀರಿ. ನಾನು ಕೇಳುತ್ತಿರುವುದು ವಾಪಸ್ ಬರುವ ದಾರಿ.

'ಫೋಟೊ ಹೊಡೆದರೆ ಫೋನೇ ಓದುತ್ತದಲ್ಲ, ಮುಂದೆ ಎಐ ಎಲ್ಲವನ್ನೂ ಓದಿಕೊಳ್ಳುತ್ತದೆ' ಎಂಬುದು ಹೊಸ ಆಕ್ಷೇಪ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರ ಕನ್ನಡದಲ್ಲಿ ತುಂಬ ಸುಧಾರಿಸಿದೆ, ಅಲ್ಲಗಳೆಯುವುದಿಲ್ಲ. ಕಡತ ಕಳೆದುಹೋಗಿ ಹಾಳೆ ಮಾತ್ರ ಉಳಿದಿರುವಲ್ಲಿ ಅದೇ ಗತಿ. ಆದರೆ ಅದು ಮಾಡುವುದು ಊಹೆ. ಬಿಳಿಚಿದ ಹಾಳೆಯಲ್ಲಿ ದ-ಧ, ಪ-ಷ, ಎ-ಏ ನಡುವೆ ಅದು ಎಡವುತ್ತದೆ, ಎಡವಿದ್ದನ್ನು ಆತ್ಮವಿಶ್ವಾಸದಿಂದ ಮುಂದಿಡುತ್ತದೆ. ಸರ್ವೆ ನಂಬರಿನಲ್ಲಿ, ಹಣದ ಮೊತ್ತದಲ್ಲಿ ಎಡವಿದರೆ ಗೊತ್ತಾಗುವುದೂ ಇಲ್ಲ. ಪರಿವರ್ತಕ ಊಹಿಸುವುದಿಲ್ಲ, ಪಟ್ಟಿ ನೋಡಿ ಬದಲಿಸುತ್ತದೆ; ಒಂದು ಕಡೆ ತಪ್ಪಿದರೆ ಎಲ್ಲ ಕಡೆಯೂ ಒಂದೇ ಥರ ತಪ್ಪುತ್ತದೆ, ಹಾಗಾಗಿ ಒಮ್ಮೆ ಹಿಡಿದರೆ ಎಲ್ಲವನ್ನೂ ತಿದ್ದಬಹುದು. ಅಕ್ಷರವೇ ಕೈಯಲ್ಲಿರುವಾಗ ಅದನ್ನು ಚಿತ್ರ ಮಾಡಿ, ಮತ್ತೆ ಆ ಚಿತ್ರದಿಂದ ಅಕ್ಷರವನ್ನು ಊಹಿಸುವುದು, ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಭತ್ತ ಕುಟ್ಟಲು ಹೊರಟ ಹಾಗೆ. ಇನ್ನು, ಎಐ ಎನ್ನುವುದೂ ಕಲಿಯುವುದು ಬರಹದಿಂದಲೇ. ಗುಂಡ್ಲುಪೇಟೆಯ ಕನ್ನಡ ಅದರ ಕೈಗೆ ಪೌಂಡು-ಯೆನ್ನುಗಳ ರೂಪದಲ್ಲಿ ಸಿಕ್ಕರೆ, ಅದಕ್ಕೆ ಗುಂಡ್ಲುಪೇಟೆ ತಿಳಿಯುವುದು ಹೊರಗಿನವರು ಬರೆದದ್ದರಿಂದ ಮಾತ್ರ: ಹುಲಿ, ಸಫಾರಿ, ಊಟಿಗೆ ಹೋಗುವ ದಾರಿ, ರಸ್ತೆ ಬದಿಯ ಸೂರ್ಯಕಾಂತಿ.

ಹಣದ ಪ್ರಶ್ನೆಗೆ ನನ್ನಲ್ಲಿ ಚಂದದ ಉತ್ತರವಿಲ್ಲ. ಒಂದು ಪುಟ ಟೈಪಿಸಿದ್ದಕ್ಕೇ ಚೌಕಾಸಿ ಮಾಡುವ ಗಿರಾಕಿ, ಕಾಣದ ದೋಷ ತೆಗೆದದ್ದಕ್ಕೆ ಐದು ರೂಪಾಯಿಯನ್ನೂ ಕೊಡಲಾರ. ಪುಕ್ಕಟೆ ಮಾಡಿ ಎನ್ನಲು ನನಗೆ ಬಾಯಿ ಬಾರದು. ಎಲ್ಲವನ್ನೂ ಮಾಡಬೇಕಾಗಿಯೂ ಇಲ್ಲ. ಲಗ್ನಪತ್ರಿಕೆಗಳು ಹಾಗೆಯೇ ಮಲಗಿರಲಿ. ಸ್ಮರಣ ಸಂಚಿಕೆಗಳು, ಸಂಘಗಳ ವರದಿಗಳು, ಹಾಡಿನ ಸಂಗ್ರಹಗಳು, ಊರಿನ ಸಮಸ್ಯೆ ಕುರಿತ ಮನವಿಗಳು, ಇಷ್ಟನ್ನು ಮೊದಲು ಆರಿಸಿಕೊಳ್ಳಬಹುದು. ಈ ಖರ್ಚನ್ನು ಹೊರಬೇಕಾದವರು ಅವನ್ನು ಬರೆಸಿದ ಸಂಘ, ಶಾಲೆ, ಸೊಸೈಟಿಗಳು. ಮುಂದಿನ ಸಲ ಸ್ಮರಣ ಸಂಚಿಕೆಯ ಕೊಟೇಶನ್ ಕೊಡುವಾಗ 'ಯೂನಿಕೋಡ್ ಪ್ರತಿ' ಎಂದು ಒಂದು ಸಾಲು ಸೇರಿಸಿ, ಅದಕ್ಕೊಂದು ದರ ಹಾಕಿ. ಕೇಳದೆ ಯಾರೂ ಕೊಡುವುದಿಲ್ಲ. ಶುಚಿಯಾದ ಹಳೆಯ ಕಡತದಿಂದ ಉಳಿಯುವ ಟೈಪಿಂಗ್ ನಿಮ್ಮ ಲಾಭವೇ: ಸೊಸೈಟಿಯ ಈ ವರ್ಷದ ವರದಿಯಲ್ಲಿ ಅರ್ಧಕ್ಕರ್ಧ ಹೋದ ವರ್ಷದ್ದೇ ಇರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ, ಯಾರೂ ಆಕ್ಷೇಪವಾಗಿ ಎತ್ತದಿದ್ದರೂ ಎತ್ತಬೇಕಾದದ್ದು. ಕನ್ವರ್ಟರ್ ಎಂದು ಹುಡುಕಿದರೆ ಹತ್ತಾರು ಜಾಲತಾಣಗಳು ಬರುತ್ತವೆ. ಪಠ್ಯವನ್ನು ಅಲ್ಲಿ ಅಂಟಿಸಿದರೆ ಬದಲಾಗಿ ಬರುತ್ತದೆ. ಕೆಲವು ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮುಗಿಸುತ್ತವೆ, ಕೆಲವು ಪಠ್ಯವನ್ನು ಎಲ್ಲಿಗೋ ಕಳಿಸಿ ತರಿಸುತ್ತವೆ. ಯಾವುದು ಯಾವುದೆಂದು ಹೊರಗಿನಿಂದ ತಿಳಿಯದು. ಜಾತ್ರೆಯ ಕರಪತ್ರಕ್ಕೆ ಚಿಂತೆಯಿಲ್ಲ. ಕ್ರಯದ ಕರಾರು, ವಿಲ್ಲು, ಆಧಾರ್ ಸಂಖ್ಯೆ ಇರುವ ಅರ್ಜಿ, ಪೊಲೀಸ್ ದೂರಿನ ಪ್ರತಿ ಇವನ್ನು ಹಾಗೆ ಅಂಟಿಸಬಾರದು. ಇಂಥವಕ್ಕೆ ಇಂಟರ್ನೆಟ್ ತೆಗೆದಿಟ್ಟರೂ ನಡೆಯುವ ಪರಿವರ್ತಕವನ್ನೇ ಬಳಸಿ. ಜನ ತಮ್ಮ ಗುಟ್ಟಿನ ಕಾಗದವನ್ನು ವಕೀಲರಿಗಿಂತ ಮೊದಲು ನಿಮಗೆ ತೋರಿಸಿರುತ್ತಾರೆ. ಗಿರಾಕಿಯ ಖಾಸಗಿ ಕಡತವನ್ನು ಶುಚಿ ಮಾಡುವ ಮೊದಲು, ಅದನ್ನು ಇನ್ನೂ ಇಟ್ಟುಕೊಂಡಿರಬೇಕೇ ಎಂದು ಕೇಳಿಕೊಳ್ಳುವುದೂ ಇದೇ ಕೆಲಸದ ಭಾಗ. ಕೆಲವಕ್ಕೆ ಅಳಿಸಿಹಾಕುವುದೇ ಸರಿಯಾದ ಶುಚಿ.

ಮೊದಲ ಹೆಜ್ಜೆಯಾಗಿ ಒಂದೇ ಕಡತ ಸಾಕು. ಹತ್ತು ಹದಿನೈದು ವರ್ಷ ಹಿಂದಿನ ಯಾವುದಾದರೂ ಸ್ಮರಣ ಸಂಚಿಕೆಯನ್ನು ಆರಿಸಿಕೊಳ್ಳಿ. ಮೂಲವನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಡಿ. ನಕಲನ್ನು ಪರಿವರ್ತಿಸಿ, ಹುಡುಕು ಪೆಟ್ಟಿಗೆಯಲ್ಲಿ ಗುಂಡ್ಲುಪೇಟೆ ಎಂದು ಅನುಸ್ವಾರ ಹಾಕಿ ಬರೆದು ಎಷ್ಟು ಸಿಕ್ಕವು ಎಂದು ಎಣಿಸಿ. ಆಮೇಲೆ ಅಚ್ಚಾದ ಪ್ರತಿಯಲ್ಲಿ ಬೆರಳಿಟ್ಟು ಎಣಿಸಿ. ಎರಡೂ ಎಣಿಕೆ ತಾಳೆಯಾಗದಿದ್ದರೆ, ಸಂಚಿಕೆಯ ಯಾವ ಪುಟದಲ್ಲಿ ನಿಮ್ಮ ಊರು ಕಳೆದುಹೋಗಿದೆ ಎಂದು ಹುಡುಕುವ ಕೆಲಸ ಅಲ್ಲಿಂದ ಶುರು.

ಇಂತಿ,
ನಿಮ್ಮ ಅಂಗಡಿಗಳಿಂದ ಹೊರಬಂದ ಕನ್ನಡದ ಒಬ್ಬ ಓದುಗ